ನೀರು ಎಲ್ಲಿಯವರೆಗೆ, ಎಷ್ಟು ಹೊತ್ತಿಗೆ ಬರುತ್ತದೆ? ಅಷ್ಟು ಹೇಳಿ, ಶಾಸಕರೇ

ಮಾನ್ಯ ಶಾಸಕರಿಗೆ ನಮಸ್ಕಾರಗಳು.

ನಾನು ಕೊಪ್ಪಳ ಜಿಲ್ಲೆಯಲ್ಲಿ ತುಂಗಭದ್ರೆಯ ದಂಡೆಗೆ ಭತ್ತ ಹಾಕುವ ರೈತ. ಡ್ಯಾಂನಿಂದ ನೀರು ಬಿಟ್ಟಾಗಲೆಲ್ಲ ನಮ್ಮ ಮೊಬೈಲ್‌ಗೆ ಬರುವುದು ಒಂದೇ ಸಾಲು: ‘ನದಿ ಪಾತ್ರದ ಜನರು ಎಚ್ಚರಿಕೆಯಿಂದ ಇರಬೇಕು.’ ಹತ್ತು ಸಾವಿರ ಕ್ಯುಸೆಕ್‌ಗೂ ಅದೇ, ಲಕ್ಷ ಕ್ಯುಸೆಕ್‌ಗೂ ಅದೇ. ಮೋಟಾರು ಎತ್ತಬೇಕೋ, ದನ ಬಿಚ್ಚಬೇಕೋ, ಮನೆ ಖಾಲಿ ಮಾಡಬೇಕೋ? ಕ್ಯುಸೆಕ್ ಲೆಕ್ಕ ನಿಮಗೆ ಗೊತ್ತಿರಬಹುದು. ನಮಗೆ ಗೊತ್ತಿರುವುದು ನೀರು ಅಗಸಿಯ ಹತ್ತಿರ ಬಂತೋ, ಹನುಮಪ್ಪನ ಗುಡಿಯ ಕಟ್ಟೆ ಏರಿತೋ ಎಂಬುದು.

ಕಳೆದ ಮಳೆಗಾಲದಲ್ಲಿ ಆ ಸಂದೇಶ ನಂಬಿ ಆಳುಗಳಿಗೆ ಕೂಲಿ ಕೊಟ್ಟು ಪಂಪ್‌ಸೆಟ್ ಮೇಲಕ್ಕೆ ತರಿಸಿದೆ. ಹೊಳೆ ದಂಡೆ ಮುಟ್ಟಲಿಲ್ಲ. ಗದ್ದೆ ಒಣಗುತ್ತಿತ್ತು, ಮತ್ತೆ ಇಳಿಸಿದೆ. ಅದಾದ ಕೆಲವೇ ದಿನಕ್ಕೆ ನಸುಕಿನಲ್ಲಿ ನೀರು ಏರಿತು. ನಾನು ಹೋಗುವಷ್ಟರಲ್ಲಿ ಸ್ಟಾರ್ಟರ್ ಪೆಟ್ಟಿಗೆಯ ತಲೆ ಮಾತ್ರ ಕಾಣುತ್ತಿತ್ತು, ಅದರ ಮೇಲೊಂದು ಓತಿಕ್ಯಾತ ಜೀವ ಹಿಡಿದು ಕುಳಿತಿತ್ತು. ಎಚ್ಚರಿಕೆಯ ಸಂದೇಶ ಬಂದದ್ದು ಮಧ್ಯಾಹ್ನದ ಊಟದ ಹೊತ್ತಿಗೆ! ಪರಿಹಾರ ಕೇಳಲು ಹೋದರೆ ಕಚೇರಿಯ ಸಾಹೇಬರು, ‘ಮೋಟಾರು ನೀರಿನೊಳಗೆ ಇರುವಾಗ ತೆಗೆದ ಜಿಪಿಎಸ್ ಫೋಟೊ ಎಲ್ಲಿ?’ ಎಂದರು. ಹೊಳೆಗೆ ಹಾರಿ ತೆಗೆಯಬೇಕಿತ್ತೇನೋ. ಆ ಅರ್ಜಿ ಇನ್ನೂ ಅಲ್ಲೇ ಇದೆ.

ಯಂತ್ರಗಳಿಗೆ ಕೊರತೆಯೇನೂ ಇಲ್ಲ. ಪಂಚಾಯಿತಿಗೊಂದರಂತೆ ಮಳೆಮಾಪಕಗಳಿವೆ. ಕೇಂದ್ರ ಜಲ ಆಯೋಗವು 2023ರಲ್ಲಿ ಪ್ರವಾಹದ ಮಾಹಿತಿಗೆಂದೇ ‘ಫ್ಲಡ್‌ವಾಚ್’ ಆ್ಯಪ್ ತಂದಿದೆ. ಶಿವಮೊಗ್ಗ, ಚಿಕ್ಕಮಗಳೂರಿನಲ್ಲಿ ಸುರಿದ ಮಳೆ ಡ್ಯಾಂಗೆ ಒಂದೇ ಗಳಿಗೆಯಲ್ಲಿ ಬಂದು ಬೀಳುವುದೂ ಇಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ ಸರ್ಕಾರದ ತುರ್ತು ಎಚ್ಚರಿಕೆಯ ಪರೀಕ್ಷೆಗೆಂದು ಮೊಬೈಲ್‌ಗಳು ಒಮ್ಮೆಲೇ ಕಿರುಚಿದವು. ‘ಇದನ್ನು ನಿರ್ಲಕ್ಷಿಸಿ’ ಎಂದೂ ಅದರಲ್ಲಿ ಬರೆದಿತ್ತು. ಸರ್ಕಾರದ ಸೂಚನೆಗಳಲ್ಲಿ ನಮ್ಮೂರಿನವರು ಇವತ್ತಿಗೂ ತಪ್ಪದೆ ಪಾಲಿಸುತ್ತಿರುವುದು ಅದೊಂದನ್ನೇ.

ನಗಬೇಡಿ. 2024ರ ಆಗಸ್ಟ್ 10ರ ರಾತ್ರಿ 19ನೇ ಕ್ರಸ್ಟ್ ಗೇಟು ಸರಪಳಿ ಕಡಿದು ಕೊಚ್ಚಿಹೋದಾಗ, ‘ಡ್ಯಾಂ ಒಡೆಯಿತಂತೆ’ ಎಂಬ ಸುದ್ದಿ ನಮ್ಮೂರಿನಲ್ಲಿ ಮನೆಯಿಂದ ಮನೆಗೆ ಓಡಿತು. ಕೆಲವರು ಮಕ್ಕಳನ್ನು ಎತ್ತಿಕೊಂಡು ದಿಬ್ಬ ಹತ್ತಿದರು, ಕೆಲವರು ಮಗ್ಗುಲು ಬದಲಿಸಿ ಮಲಗಿದರು. ಇಬ್ಬರೂ ಸರ್ಕಾರದ ಮಾತಿಗೆ ಕಾಯಲಿಲ್ಲ.

ಆದ್ದರಿಂದ ಕೇಳುವುದು ಇಷ್ಟೇ: ಗೇಟು ಎತ್ತುವ ಮೊದಲು, ನೀರು ನಮ್ಮೂರಿಗೆ ಎಷ್ಟು ಹೊತ್ತಿಗೆ, ಎಲ್ಲಿಯವರೆಗೆ ಬರುತ್ತದೆ ಎಂದು ಕನ್ನಡದಲ್ಲಿ ಹೇಳಿಸಿ. ಮೊಬೈಲ್ ಇಲ್ಲದವರಿಗೆ ಡಂಗುರ ಹೊಡೆಸಿ. ಹೇಳಿದಷ್ಟು ನೀರು ಬರದಿದ್ದರೆ ಏಕೆ ಬರಲಿಲ್ಲ ಎಂದು ಮರುದಿನ ತಿಳಿಸಿ. ಆಗ ಮುಂದಿನ ಸಲವೂ ಮೋಟಾರು ಎತ್ತುತ್ತೇವೆ. ಯಾವ ಇಲಾಖೆಯ ಕೆಲಸ ಎಂಬುದು ನಿಮಗೆ ನಾನು ಹೇಳಬೇಕಾಗಿಲ್ಲ. ಎಷ್ಟು ಹೊತ್ತಿಗೆ, ಎಲ್ಲಿಯವರೆಗೆ? ಇದಕ್ಕೆ ಉತ್ತರ ಕೊಡಬೇಕಾದ ಅಧಿಕಾರಿಗಳನ್ನು ಮುಂಗಾರಿಗೆ ಮೊದಲೇ ನಮ್ಮೂರಿಗೆ ಕರೆತನ್ನಿ. ತಾರೀಖು ತಿಳಿಸಿದರೆ ಗುಡಿಯ ಕಟ್ಟೆಗೆ ಊರನ್ನೆಲ್ಲ ಸೇರಿಸುವ ಹೊಣೆ ನನ್ನದು.

ಇಂತಿ,
ಹೊಳೆದಂಡೆಯ ಒಬ್ಬ ರೈತ