ದಿನಾಂಕ ಮುಚ್ಚಿ ಮಾರಿದ ಯೀಸ್ಟ್ ಮತ್ತು ಸಿಹಿಯಾಗಿಯೇ ಉಳಿದ ಬಿಯರ್ ಕುರಿತು ದೂರು

ಅಂಗಡಿಯ ಮಾಲೀಕರಿಗೆ,

‘ಕನ್ನಡದಲ್ಲೂ ಬರೆಯಬಹುದು’ ಎಂದು ನಿಮ್ಮ ವೆಬ್‌ಸೈಟಿನಲ್ಲೇ ಇದೆ. ಟೆಕ್ಸಸ್‌ನಲ್ಲಿ ಹೋಂಬ್ರೂ, ಅಂದರೆ ಮನೆಯಲ್ಲೇ ಬಿಯರ್ ಮಾಡುವ, ಸಾಮಾನು ಮಾರುವ ಕನ್ನಡಿಗರು ಸಿಕ್ಕರಲ್ಲ ಅನ್ನುವ ಅಭಿಮಾನಕ್ಕೇ ನಿಮ್ಮಲ್ಲಿ ಕೊಂಡಿದ್ದು. ಇಂಗ್ಲಿಷಿನಲ್ಲಿ ಕಳಿಸಿದ ಮೇಲ್‌ಗಳಿಗೆ ಉತ್ತರವಿಲ್ಲ. ಫೋನಿನಲ್ಲಿ ಸಿಕ್ಕ ಉತ್ತರ ಎಂಥದ್ದೆಂದು ಮುಂದೆ ಬರೆದಿದ್ದೇನೆ.

ತರಿಸಿದ್ದು ಐದು ಗ್ಯಾಲನ್‌ನ ಪೇಲ್ ಏಲ್ ಬಿಯರಿನ ಕಿಟ್ಟು, ಜೊತೆಗೆ ದ್ರವ ಯೀಸ್ಟಿನ ಪೊಟ್ಟಣ. ಜುಲೈ ಬಿಸಿಲಿನಲ್ಲಿ ಬಂದ ಪೆಟ್ಟಿಗೆಯಲ್ಲಿ ಐಸ್ ಪ್ಯಾಕ್ ಇರಲಿಲ್ಲ, ಬಿಲ್ಲಿನಲ್ಲಿ ಮಾತ್ರ ಇತ್ತು. ಬೇಸಿಗೆಯಲ್ಲಿ ಯೀಸ್ಟ್ ಹೇಗೆ ಕಳಿಸಬೇಕೆಂಬ ನಿಮ್ಮದೇ ನಿಯಮವನ್ನು ನಿಮಗೆ ಓದಿ ಹೇಳುವಷ್ಟು ದೊಡ್ಡವನಲ್ಲ ನಾನು.

ಮಾಲ್ಟನ್ನು (ಮೊಳಕೆ ಬರಿಸಿ ಒಣಗಿಸಿದ ಬಾರ್ಲಿ) 66 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೆನೆಸಿ, ಕುದಿಸಿ, 20ಕ್ಕೆ ಆರಿಸಿ ಯೀಸ್ಟ್ ಹಾಕಿದೆ. ಶುರುವಿನ ಗ್ರಾವಿಟಿ (ನೀರಿಗೆ ಹೋಲಿಸಿದ ಸಾಂದ್ರತೆ; ಯೀಸ್ಟ್ ಸಕ್ಕರೆ ತಿಂದು ಆಲ್ಕೋಹಾಲ್ ಮಾಡಿದಂತೆಲ್ಲ ಇಳಿಯುತ್ತದೆ) 1.056. ನಿಮ್ಮ ಚೀಟಿಯ ಪ್ರಕಾರ 1.012ಕ್ಕೆ ಇಳಿಯಬೇಕು. ಅದು 1.024ಕ್ಕೆ ಬಂದು ಕೂತಿದ್ದು ಏಳಲೇ ಇಲ್ಲ. ಶೇ. 5.8 ಆಗಬೇಕಿದ್ದ ಆಲ್ಕೋಹಾಲ್ 4.2ಕ್ಕೇ ನಿಂತಿತು. ಬಾಯಿಗೆ ಹಾಕಿದರೆ ಥೇಟ್ ಕೆಮ್ಮಿನ ಸಿರಪ್ಪು.

ಫೋನ್ ಮಾಡಿದೆ, ನಿಮ್ಮ ಅಂಗಡಿಯ ಹುಡುಗ ಎತ್ತಿದ. ನನ್ನ ಕೈ ಒದ್ದೆಯಿತ್ತು, ಸ್ಪೀಕರ್ ಹಾಕಿದ್ದೆ. ಅಡುಗೆಮನೆಯಲ್ಲಿ ನಮ್ಮ ಭಾವನವರೂ ಕೂತಿದ್ದರು.

“ಸಾರ್, ಸಕ್ಕರೆ ಏನಾದ್ರೂ ಜಾಸ್ತಿ ಹಾಕಿದ್ರಾ?”

ಹಾಕಿಲ್ಲಪ್ಪ ಅಂದೆ.

“ಮನೇಲಿ ಬೇರೆ ಯಾರಾದ್ರೂ ಹಾಕಿರಬಹುದಾ? ಒಂದ್ಸಲ ಮೇಡಂನ ಕೇಳಿ ಸಾರ್.”

ಭಾವನವರು ನಕ್ಕಿದ್ದು ಆ ಹುಡುಗನಿಗೂ ಕೇಳಿಸಿರಬೇಕು, ಧೈರ್ಯ ಬಂತು. ಗ್ರಾವಿಟಿ ಅಳೆಯುವ ಹೈಡ್ರೋಮೀಟರನ್ನು ಉಲ್ಟಾ ಓದುತ್ತಿದ್ದೀನಾ ಅಂತ ಕೇಳಿದ. ಬರೀ ನೀರಿನಲ್ಲಿ ತೇಲಿಸಿ 1.000 ತೋರಿಸುವುದನ್ನು ನೋಡಿಕೊಂಡೇ ಫೋನ್ ಮಾಡಿದ್ದೇನೆ ಅಂದೆ. “ನೀರು ಯಾವುದು ಸಾರ್, ನಲ್ಲೀದಾ?” ಅಂದ. ಯೀಸ್ಟೇ ಸತ್ತಿರಬಹುದಲ್ಲವೇ ಎಂದರೆ, “ನಮ್ಮ ಯೀಸ್ಟ್ ಸಾಯಲ್ಲ ಸಾರ್,” ಅಂದ. ಅಮರತ್ವದ ಈ ಗ್ಯಾರಂಟಿಯನ್ನು ಪೊಟ್ಟಣದ ಮೇಲೂ ಅಚ್ಚು ಹಾಕಿಸಬಹುದಿತ್ತು. ಆಮೇಲೆ, ಸ್ವಲ್ಪ ನಿಂಬೆಹಣ್ಣು ಹಿಂಡಿದರೆ ಸಿಹಿ ಗೊತ್ತಾಗುವುದಿಲ್ಲವಂತೆ. ಕೊನೆಗೆ ಹೇಳಿದ್ದು: “ಸುಮ್ನೆ ಬಾಟಲಿಗೆ ತುಂಬಿಸಿಬಿಡಿ, ಒಳಗೇ ಸರಿಹೋಗುತ್ತೆ.”

ಮಿಕ್ಕಿದ್ದನ್ನೆಲ್ಲ ನುಂಗಿಕೊಂಡೇನು, ಈ ಕೊನೇ ಮಾತನ್ನಲ್ಲ. ಬಿಯರ್ ಮಾರುವವರಿಗೆ ಬಾಟಲಿಯ ಲೆಕ್ಕ ಗೊತ್ತಿರಬೇಕು. ಮಾಮೂಲಿ ಬಿಯರಿನಲ್ಲಿ ಎರಡೂವರೆ ವಾಲ್ಯೂಮ್ ಗ್ಯಾಸ್, ಅಂದರೆ ಬಿಯರಿನ ಎರಡೂವರೆ ಪಟ್ಟು ಗಾತ್ರದ ಕಾರ್ಬನ್ ಡೈಆಕ್ಸೈಡ್, ಇರುತ್ತದೆ. ಮುಚ್ಚಿದ ಬಾಟಲಿಯಲ್ಲಿ ಯೀಸ್ಟು ಮತ್ತೆ ಎದ್ದು ಗ್ರಾವಿಟಿ ಹತ್ತು ಪಾಯಿಂಟ್ (0.010) ಇಳಿದರೆ ಅದರ ಎರಡರಷ್ಟಕ್ಕೂ ಮೇಲೆ ಹೋಗುತ್ತದೆ. ಸಾಧಾರಣ ಗಾಜು ತಡೆಯುವುದಿಲ್ಲ, ಒಡೆದು ಸಿಡಿಯುತ್ತದೆ. ನಮ್ಮ ಮನೆಯಲ್ಲಿ ಬಾಟಲಿ ಇಡುವ ಕಪಾಟಿನ ಪಕ್ಕದಲ್ಲೇ ಮಕ್ಕಳು ಚಪ್ಪಲಿ ಹುಡುಕುತ್ತಾರೆ.

ಯೀಸ್ಟಿನದೇ ತಪ್ಪೆಂದು ನಾನು ಊಹೆಯ ಮೇಲೆ ಹೇಳುತ್ತಿಲ್ಲ. ನಿಂತ ಬಿಯರನ್ನು ಒಂದು ಜಾಡಿಯಷ್ಟು ತೆಗೆದು, ಬೇರೆ ಕಡೆಯ ತಾಜಾ ಯೀಸ್ಟನ್ನು ಧಾರಾಳವಾಗಿ ಹಾಕಿ ಬೆಚ್ಚಗಿಟ್ಟೆ. 1.013ಕ್ಕೆ ಇಳಿಯಿತು. ಮಾಲ್ಟನ್ನು ಜಾಸ್ತಿ ಬಿಸಿಯಲ್ಲಿ ನೆನೆಸಿ ಯೀಸ್ಟ್ ತಿನ್ನಲಾಗದ ಸಕ್ಕರೆ ಉಳಿದಿದ್ದರೆ ಅದು ಇಳಿಯುತ್ತಿರಲಿಲ್ಲ. ಅಂದರೆ ಊಟ ಸರಿಯಾಗಿಯೇ ಇತ್ತು, ಉಣ್ಣುವವರೇ ಇರಲಿಲ್ಲ.

ಆಮೇಲೆ ಕಸದಿಂದ ನಿಮ್ಮ ಪೊಟ್ಟಣ ಹೆಕ್ಕಿದೆ. ನಿಮ್ಮ ಬೆಲೆ ಚೀಟಿಯ ಒಂದು ಮೂಲೆ ಎದ್ದಿತ್ತು. ಉಗುರಿನಿಂದ ಕೆರೆದರೆ ಕೆಳಗೆ ತಯಾರಕರ ಅಚ್ಚು: ಮಾರ್ಚ್‌ಗೇ ಅವಧಿ ಮುಗಿದಿದೆ. ಪೊಟ್ಟಣದಲ್ಲಿ ಅಷ್ಟೆಲ್ಲ ಖಾಲಿ ಜಾಗವಿರುವಾಗ ಬೆಲೆ ಚೀಟಿಗೆ ಸರಿಯಾಗಿ ಅದೇ ಜಾಗ ಸಿಕ್ಕಿದ್ದು ಅದರ ದುರದೃಷ್ಟವಿರಬೇಕು.

ಬಿಯರ್ ಉಳಿಯಿತು, ನಿಮ್ಮ ದಯೆಯಿಂದಲ್ಲ. ಆಗಲೇ ಆಲ್ಕೋಹಾಲ್ ಇರುವ ಬಿಯರಿಗೆ ಒಣ ಯೀಸ್ಟ್ ಉದುರಿಸಿದರೆ ಬಹಳ ಸಲ ಅದೂ ಅಲ್ಲೇ ಮಲಗುತ್ತದೆ. ಬೇರೆಯಾಗಿ ಮಾಲ್ಟ್ ನೀರಿನಲ್ಲಿ ಎಬ್ಬಿಸಿ, ನೊರೆ ಉಕ್ಕುವ ಹೊತ್ತಿಗೆ ಸುರಿದು, ಕೋಣೆಯನ್ನು 21 ಡಿಗ್ರಿಗೆ ಏರಿಸಿದೆ. ನಿಮ್ಮ ಹುಡುಗನಿಗೆ ಹೇಳಿಕೊಡಿ, ಫೀಸು ಬೇಡ.

ಕಿಟ್ಟು, ಯೀಸ್ಟು, ಬರದ ಐಸಿನ ದುಡ್ಡು, ಬೇರೆಡೆ ಕೊಂಡ ಯೀಸ್ಟು ಎಲ್ಲ ಸೇರಿ ನನಗಾದ ನಷ್ಟ 97 ಡಾಲರ್. ಈ ಪತ್ರವನ್ನು ಟೆಕ್ಸಸ್‌ನ ಡಿಸೆಪ್ಟಿವ್ ಟ್ರೇಡ್ ಪ್ರಾಕ್ಟಿಸಸ್ (ಮೋಸದ ವ್ಯಾಪಾರ ತಡೆಯುವ) ಕಾಯ್ದೆ ದಾವೆಗೆ ಮೊದಲು ಕೇಳುವ 60 ದಿನಗಳ ನೋಟಿಸ್ ಎಂದೇ ಓದಿಕೊಳ್ಳಿ. ಇಂಗ್ಲಿಷ್ ಪ್ರತಿ ರಿಜಿಸ್ಟರ್ಡ್ ಅಂಚೆಯಲ್ಲಿ ಬರುತ್ತಿದೆ. ಗೊತ್ತಿದ್ದೇ ಮಾಡಿದ ಮೋಸಕ್ಕೆ ಆ ಕಾಯ್ದೆಯಲ್ಲಿ ನಷ್ಟದ ಮೂರು ಪಟ್ಟಿನವರೆಗೆ ಕೊಡಿಸಲು ಅವಕಾಶವಿದೆ. ಚೀಟಿ ತಾನೇ ಹೋಗಿ ಅಂಟಿಕೊಂಡಿತೆಂದು ಸಣ್ಣ ದಾವೆ ಕೇಳುವ ಜಸ್ಟಿಸ್ ಕೋರ್ಟಿನಲ್ಲಿ ವಾದಿಸುವ ಹಕ್ಕು ನಿಮಗಿದ್ದೇ ಇದೆ. ಕ್ರೆಡಿಟ್ ಕಾರ್ಡಿನವರಿಗೆ ತಕರಾರು ಬರೆದಾಗಿದೆ, ಅಟಾರ್ನಿ ಜನರಲ್ ಕಚೇರಿಯ ಗ್ರಾಹಕ ವಿಭಾಗಕ್ಕೆ ದೂರು ಈ ವಾರ ಹೋಗುತ್ತದೆ. ಚೀಟಿ ಕೆರೆದ ಪೊಟ್ಟಣದ ಫೋಟೋವನ್ನು ಕನ್ನಡ ಕೂಟದ ವಾಟ್ಸಾಪ್ ಗುಂಪಿಗೆ ಯಾವಾಗ ಹಾಕಬೇಕೆಂದು ಭಾವನವರು ದಿನಾ ಕೇಳುತ್ತಿದ್ದಾರೆ. ರಾಜ್ಯೋತ್ಸವದ ಸ್ಟಾಲಿಗೆ ನೀವೂ ಹೆಸರು ಕೊಟ್ಟಿದ್ದೀರಂತೆ, ಸದ್ಯಕ್ಕೆ ಅವರನ್ನು ತಡೆದಿಟ್ಟಿದ್ದೇನೆ.

ಇಂತಿ,
ನಿಮ್ಮ ಮಾಜಿ ಗ್ರಾಹಕ
ಪ್ಲೇನೋ, ಟೆಕ್ಸಸ್