ಮಸಾಅ: ಭಾಗಿಸುತ್ತಾ ಹೋಗುವ ಕ್ರಮ ಬಿಡುವುದು ಬೇಡ

ಮಾನ್ಯ ಸಂಪಾದಕರೇ,

ಎನ್‌ಸಿಇಆರ್‌ಟಿ 2022ರಲ್ಲಿ ಪಠ್ಯದ ಹೊರೆ ಇಳಿಸುವಾಗ ಹತ್ತನೇ ತರಗತಿಯ ‘ವಾಸ್ತವ ಸಂಖ್ಯೆಗಳು’ ಅಧ್ಯಾಯದಿಂದ ಮಸಾಅ (ಮಹತ್ತಮ ಸಾಮಾನ್ಯ ಅಪವರ್ತನ, ಅಂದರೆ ಕೊಟ್ಟ ಸಂಖ್ಯೆಗಳೆಲ್ಲವನ್ನೂ ಶೇಷವಿಲ್ಲದೆ ಭಾಗಿಸುವ ಅತಿ ದೊಡ್ಡ ಸಂಖ್ಯೆ) ಕಂಡುಹಿಡಿಯುವ ಯೂಕ್ಲಿಡ್‌ನ ಭಾಗಾಕಾರದ ಭಾಗವನ್ನು ಕೈಬಿಟ್ಟಿತು. ಪರೀಕ್ಷೆಗಿಲ್ಲದ್ದನ್ನು ತರಗತಿಯಲ್ಲಿ ಯಾರು ಮುಟ್ಟುತ್ತಾರೆ? ಮಸಾಅ ಎಂದರೆ ಅವಿಭಾಜ್ಯಗಳಾಗಿ ಒಡೆಯುವುದು ಅಷ್ಟೇ ಎಂಬಂತಾಗಿದೆ. 24, 36ರಂಥ ಸಂಖ್ಯೆಗಳಿಗೆ ಅದು ಸಾಕು. ಸ್ವಲ್ಪ ದೊಡ್ಡದು ಬಂದರೆ ಕೈಕೊಡುತ್ತದೆ.

ನಮ್ಮ ಮಲೆನಾಡಿನ ಲೆಕ್ಕವನ್ನೇ ನೋಡಿ. ಅಡಿಕೆ ಒಣಗಿಸುವ ಅಂಗಳ 1147 ಸೆಂ.ಮೀ. ಉದ್ದ, 851 ಸೆಂ.ಮೀ. ಅಗಲ. ಒಂದನ್ನೂ ಕತ್ತರಿಸದೆ ಚೌಕದ ಟೈಲ್ಸ್ ಕೂರಿಸಬೇಕು (ಸಂದಿಯ ಸಿಮೆಂಟ್ ಸದ್ಯಕ್ಕೆ ಮರೆತುಬಿಡೋಣ). ಟೈಲ್ ಹೆಚ್ಚೆಂದರೆ ಎಷ್ಟು ದೊಡ್ಡದಿರಬಹುದು? 2, 3, 5, 7, 11, 13, 17, 19 ಯಾವುದರಿಂದಲೂ ಈ ಸಂಖ್ಯೆಗಳು ಭಾಗವಾಗುವುದಿಲ್ಲ. ಅಷ್ಟು ಹೊತ್ತಿಗೆ ಮಕ್ಕಳು ಬೇಸತ್ತು ‘ಮಸಾಅ 1’ ಎಂದು ಬರೆದು ಮುಂದಕ್ಕೆ ಹೋಗುತ್ತಾರೆ.

ಯೂಕ್ಲಿಡ್‌ನ ಕ್ರಮದಂತೆ ಪ್ರತಿ ಸಲ ಹಿಂದಿನ ಭಾಜಕವನ್ನು ಬಂದ ಶೇಷದಿಂದ ಭಾಗಿಸುತ್ತಾ ಹೋದರೆ ನಾಲ್ಕೇ ಸಾಲು. 1147ನ್ನು 851ರಿಂದ ಭಾಗಿಸಿದರೆ ಶೇಷ 296. 851ನ್ನು 296ರಿಂದ ಭಾಗಿಸಿದರೆ ಎರಡು ಸಲ ಹೋಗಿ 259 ಉಳಿಯುತ್ತದೆ. 296ನ್ನು 259ರಿಂದ ಭಾಗಿಸಿ, ಶೇಷ 37. 259ನ್ನು 37ರಿಂದ ಭಾಗಿಸಿದರೆ ಸರಿಯಾಗಿ ಏಳು ಸಲ, ಶೇಷ ಸೊನ್ನೆ. ಕೊನೆಯ ಭಾಜಕ 37, ಅದೇ ಮಸಾಅ. ಉದ್ದಕ್ಕೆ 31, ಅಗಲಕ್ಕೆ 23, ಒಟ್ಟು 713 ಟೈಲ್ಸ್.

ಇದು ಬರೀ ಚಮತ್ಕಾರವಲ್ಲ. 1147 ಮತ್ತು 851 ಎರಡನ್ನೂ ಭಾಗಿಸುವ ಸಂಖ್ಯೆ ಅವುಗಳ ವ್ಯತ್ಯಾಸವಾದ 296ನ್ನೂ ಭಾಗಿಸಲೇಬೇಕು. ತಿರುಗಿಸಿ ನೋಡಿದರೆ, 851 ಮತ್ತು 296ನ್ನು ಭಾಗಿಸುವುದು ಅವುಗಳ ಮೊತ್ತವಾದ 1147ನ್ನೂ ಭಾಗಿಸುತ್ತದೆ. ಹಾಗಾಗಿ ಜೋಡಿ ಚಿಕ್ಕದಾದರೂ ಸಾಮಾನ್ಯ ಅಪವರ್ತನಗಳು ಅವೇ ಉಳಿಯುತ್ತವೆ. ಈ ಕಾರಣ ಹೇಳದೆ ಬರೀ ಕ್ರಮ ಬಾಯಿಪಾಠ ಮಾಡಿಸಿದರೆ ಮಕ್ಕಳು ಕೊನೆಯ ಭಾಗಲಬ್ಧ 7ನ್ನೋ, ಸೊನ್ನೆಯನ್ನೋ ಉತ್ತರವೆಂದು ಬರೆಯುತ್ತಾರೆ. ಎರಡನೇ ಸಾಲಿನಲ್ಲಿ ಮತ್ತೆ 1147ನ್ನೇ ಹಿಡಿದುಕೊಳ್ಳುವವರೂ ಇದ್ದಾರೆ. ಚಿಕ್ಕದನ್ನು ದೊಡ್ಡದರಿಂದ ಭಾಗಿಸಲು ಹೊರಟರೆ ಮಾತ್ರ ಕೆಡುಕೇನಿಲ್ಲ: ಭಾಗಲಬ್ಧ 0, ಶೇಷ 851, ಒಂದು ಸಾಲು ದಂಡ.

ನಿಜವಾದ ಅಪಾಯ ಕಳೆಯುವುದರಲ್ಲಿದೆ. 259ರ ಜಾಗದಲ್ಲಿ 249 ಎಂದು ಬರೆದರೂ ಲೆಕ್ಕ ಎಲ್ಲೂ ನಿಲ್ಲದೆ ಸಾಗಿ ಕೊನೆಗೆ 1 ಕೊಡುತ್ತದೆ. ಆ 1 ಎರಡೂ ಸಂಖ್ಯೆಗಳನ್ನು ಭಾಗಿಸುವುದರಿಂದ ತಪ್ಪು ಮೇಲ್ನೋಟಕ್ಕೆ ಕಾಣುವುದೂ ಇಲ್ಲ. ಆದ್ದರಿಂದ ಪ್ರತಿ ಸಾಲನ್ನೂ ಆಗಲೇ ತಾಳೆ ನೋಡಬೇಕು: 296 × 2 + 259 = 851. ಶೇಷ ಭಾಜಕಕ್ಕಿಂತ ಚಿಕ್ಕದಿರಲೇಬೇಕು.

ಸಾಲುಗಳು ಬೆಳೆದಾವೆಂಬ ಭಯವೂ ಬೇಡ. ಚಿಕ್ಕ ಸಂಖ್ಯೆಯಲ್ಲಿರುವ ಅಂಕಿಗಳ ಐದು ಪಟ್ಟಿಗಿಂತ ಹೆಚ್ಚು ಭಾಗಾಕಾರ ಬೇಕಾಗದು ಎಂದು ಫ್ರೆಂಚ್ ಗಣಿತಜ್ಞ ಲಾಮೆ 1844ರಲ್ಲೇ ಸಾಧಿಸಿದ್ದಾರೆ. ಹಠಮಾರಿ ಜೋಡಿಯಾದ 89, 55ಕ್ಕೂ ಒಂಬತ್ತೇ ಸಾಲು. ಪರದೇಶದ ಸರಕೆಂದು ದೂರ ಇಡುವಂತೆಯೂ ಇಲ್ಲ, 499ರಲ್ಲಿ ಆರ್ಯಭಟ ಸಮೀಕರಣಗಳ ಪೂರ್ಣಾಂಕ ಉತ್ತರ ಹುಡುಕಲು ಕೊಟ್ಟ ಕುಟ್ಟಕ ವಿಧಾನ ನಿಂತಿರುವುದೂ ಇದೇ ಸರಣಿ ಭಾಗಾಕಾರದ ಮೇಲೆ.

ಲಸಾಅ (ಲಘುತ್ತಮ ಸಾಮಾನ್ಯ ಅಪವರ್ತ್ಯ, ಅಂದರೆ ಕೊಟ್ಟ ಸಂಖ್ಯೆಗಳೆಲ್ಲದರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) ಕೂಡ ಇದರಿಂದಲೇ ಸಿಗುತ್ತದೆ. ಮೊದಲು 851ನ್ನು 37ರಿಂದ ಭಾಗಿಸಿ, ಬಂದ 23ನ್ನು 1147ಕ್ಕೆ ಗುಣಿಸಿದರೆ 26381. ಮೂರು ಸಂಖ್ಯೆಗಳಿದ್ದರೆ ಎರಡರ ಮಸಾಅ ಕಂಡುಹಿಡಿದು ಅದನ್ನು ಮೂರನೆಯದರ ಜೊತೆ ಸೇರಿಸಿ ಮುಂದುವರಿಯಬೇಕು. ಆದರೆ ‘ಗುಣಲಬ್ಧ = ಮಸಾಅ × ಲಸಾಅ’ ಸೂತ್ರ ಮೂರಕ್ಕೆ ನಡೆಯದು. 2, 4, 6ರ ಗುಣಲಬ್ಧ 48, ಮಸಾಅ 2, ಲಸಾಅ 12. ಗುಣಿಸಿದರೆ 24 ಮಾತ್ರ.

ಜೂನ್‌ನಲ್ಲಿ ಹಿಂದಿನ ತರಗತಿಯ ಪಾಠ ನೆನಪಿಸುವ ಸೇತುಬಂಧದ ದಿನಗಳಲ್ಲಿ ಎರಡು ಪೀರಿಯಡ್ ಇದಕ್ಕೆ ಕೊಡಲು ಜಿಲ್ಲೆಯ ಗಣಿತ ಶಿಕ್ಷಕರು ಮನಸ್ಸು ಮಾಡಬೇಕು. ಪರೀಕ್ಷೆಗೆ ಬಾರದಿದ್ದರೂ ಸರಿ.

– ಪ್ರೌಢಶಾಲಾ ಗಣಿತ ಶಿಕ್ಷಕರು, ತೀರ್ಥಹಳ್ಳಿ