ಐದಕ್ಕೆ ಒಂದೇ ಅಂಕ ಕೊಟ್ಟವರಿಗೂ ಥ್ಯಾಂಕ್ಸ್

ಹೋದ ವಾರ ವೈವಾ ಮುಗಿಯಿತು, ಪಿಎಚ್‌ಡಿ ಆಯಿತು. ಫೋನ್ ಮಾಡಿ ಹಾರೈಸಿದವರಿಗೆ ಆಗಲೇ ಹೇಳಿದ್ದೇನೆ. ಈ ಬರಹ ಥೀಸಿಸ್‌ನಲ್ಲಿ ಹೆಸರು ಹಾಕಲು ಆಗದವರಿಗೆ. ಪ್ರಯೋಗಕ್ಕೆ ಕೂತವರ ಗುರುತು ಎಲ್ಲೂ ಬರುವುದಿಲ್ಲ ಅಂತ ಎಥಿಕ್ಸ್ ಕಮಿಟಿಗೆ ಬರೆದುಕೊಟ್ಟಿದ್ದೇನೆ, ಹಾಗಾಗಿ ಅದರಲ್ಲಿ ನೀವೆಲ್ಲ ಬರೀ ಪಿ-1, ಪಿ-2. ಇಲ್ಲೂ ಹೆಸರು ಹೇಳುವುದಿಲ್ಲ. ಓದಿದರೆ ನಿಮಗೇ ಗೊತ್ತಾಗುತ್ತದೆ.

ನಾನು ಮಾಡಿದ್ದೇನು ಅಂತ ನಮ್ಮತ್ತೆ ಇನ್ನೂ ಕೇಳುತ್ತಾರೆ. ಕನ್ನಡದಲ್ಲಿ ಮಾಹಿತಿ ಹುಡುಕಿಕೊಡುವ ಎರಡು ಸಿಸ್ಟಂ ಇಟ್ಟುಕೊಂಡು, ಯಾವುದರಿಂದ ಜನರಿಗೆ ನಿಜವಾಗಿ ಉಪಯೋಗ ಅಂತ ಅವರನ್ನೇ ಕೂರಿಸಿ ನೋಡಿದೆ. ಇಷ್ಟೇ.

ಕಂಪ್ಯೂಟರಿನಲ್ಲೇ ಸುಮ್ನೆ ಅಂಕ ಲೆಕ್ಕ ಹಾಕಬಹುದಿತ್ತು ಅಲ್ವಾ ಅಂತ ತುಂಬಾ ಜನ ಕೇಳಿದರು. ಹಾಕಬಹುದು. ಇಂಗ್ಲೆಂಡಿನ ಕ್ರಾನ್‌ಫೀಲ್ಡ್‌ನಲ್ಲಿ ಸಿರಿಲ್ ಕ್ಲೆವರ್ಡನ್ 1960ರ ದಶಕದಲ್ಲೇ ಆ ದಾರಿ ಹಾಕಿಕೊಟ್ಟರು: ಒಂದಷ್ಟು ದಾಖಲೆ, ಒಂದಷ್ಟು ಪ್ರಶ್ನೆ, ಯಾವ ಪ್ರಶ್ನೆಗೆ ಯಾವ ದಾಖಲೆ ಸರಿ ಅಂತ ಮೊದಲೇ ಗುರುತು. 1992ರಲ್ಲಿ ಅಮೆರಿಕದಲ್ಲಿ ಶುರುವಾದ ಟ್ರೆಕ್ (TREC), ಅಂದರೆ ಹುಡುಕುವ ಸಿಸ್ಟಂಗಳನ್ನು ಒಟ್ಟಿಗೆ ಪರೀಕ್ಷಿಸಿ ಹೋಲಿಸುವ ಸಮ್ಮೇಳನ, ಅದನ್ನು ದೊಡ್ಡದು ಮಾಡಿತು. ನಮ್ಮಲ್ಲೂ 2008ರಲ್ಲಿ ಭಾರತೀಯ ಭಾಷೆಗಳಿಗಾಗಿ ಅಂಥದ್ದೇ ಫೈರ್ (FIRE) ಶುರುವಾಯಿತು. ಇವೆಲ್ಲ ಬೇಕೇ ಬೇಕು. ಆದರೆ ಆ ಲೆಕ್ಕದಲ್ಲಿ ಹುಡುಕುವ ಮನುಷ್ಯ ಇರುವುದಿಲ್ಲ. 2001ರಲ್ಲಿ ಆಂಡ್ರ್ಯೂ ಟರ್ಪಿನ್ ಮತ್ತು ವಿಲಿಯಂ ಹರ್ಷ್ ತೋರಿಸಿದ್ದು ಇದನ್ನೇ. ಅಂಕದಲ್ಲಿ ಮುಂದಿದ್ದ ಸಿಸ್ಟಂ ಕೊಟ್ಟರೂ ಜನರ ಕೆಲಸ ಅದರಿಂದ ಸುಧಾರಿಸಲಿಲ್ಲ, ಯಾಕೆಂದರೆ ಇನ್ನೊಂದರಲ್ಲಿ ಒಳ್ಳೆಯ ಉತ್ತರ ಕೆಳಗಿದ್ದರೂ ಅವರು ಕೆಳಗಿಳಿದು ಹುಡುಕಿಕೊಂಡುಬಿಡುತ್ತಿದ್ದರು. ಜನ ಜಾಣರು, ಸಿಸ್ಟಂನ ಕೊರತೆಯನ್ನು ತಾವೇ ತುಂಬಿಕೊಡುತ್ತಾರೆ.

ಅದನ್ನು ಕಣ್ಣಾರೆ ತೋರಿಸಿದವರು ನಮ್ಮ ರಿಟೈರ್ಡ್ ಮೇಷ್ಟ್ರು. ಒಂದೇ ಊರಿನ ಹೆಸರನ್ನು ಕನ್ನಡದಲ್ಲಿ ಹೊಡೆದರು, ಇಂಗ್ಲಿಷ್ ಅಕ್ಷರದಲ್ಲಿ ಹೊಡೆದರು, ಕೊನೆಗೆ ಹೆಸರಿಗೆ ಅಂಟಿದ್ದ 'ನಲ್ಲಿ' ತೆಗೆದು ಹೊಡೆದರು, ಪುಟದ ತಳದವರೆಗೆ ಬೆರಳಿಟ್ಟು ಒಂದೊಂದೇ ಸಾಲು ಓದಿದರು, ಬೆವರು ಒರೆಸಿಕೊಂಡರು. ಆಮೇಲೆ ಅಂಕದ ಹಾಳೆ ಕೊಟ್ಟರೆ, "ಐದಕ್ಕೆ ಐದು ಹಾಕ್ಕೋ ಮಗಳೇ, ಓದೋ ಹುಡುಗಿ, ಒಳ್ಳೇದಾಗಲಿ" ಅಂದರು! ಸರ್, ನಿಮ್ಮ ಮನಸ್ಸು ದೊಡ್ಡದು. ನಿಮ್ಮ ಹಾಳೆಗಿಂತ ನಿಮ್ಮ ಸ್ಕ್ರೀನ್ ರೆಕಾರ್ಡಿಂಗ್ ಜಾಸ್ತಿ ಕೆಲಸಕ್ಕೆ ಬಂತು.

ಇನ್ನೊಬ್ಬಳು ಪಿಯುಸಿ ಹುಡುಗಿ. "ಅಕ್ಕಾ, ಇದು ವೇಸ್ಟ್" ಅಂತ ಒಂದೇ ಅಂಕ ಕೊಟ್ಟಳು. ಯಾಕಮ್ಮ ಅಂದೆ. "ನಾನು ಕೇಳಿದ್ದು ಹಾಸ್ಟೆಲ್‌ಗೆ ಅರ್ಜಿ ಹಾಕೋದು ಹೇಗೆ ಅಂತ, ಇದು ಹಾಸ್ಟೆಲ್ ಉದ್ಘಾಟನೆ ಫೋಟೋ ತೋರಿಸ್ತಿದೆ." ಲೆಕ್ಕದ ಪ್ರಕಾರ ಆ ಉತ್ತರ ಸರಿ, ವಿಷಯ ಹಾಸ್ಟೆಲ್ಲೇ ತಾನೇ. ಅರ್ಜಿ ಹಾಕಬೇಕಾದವಳಿಗೆ ಅದರಿಂದ ಏನೂ ಆಗಬೇಕಿಲ್ಲ. ನನ್ನ ನಾಲ್ಕನೇ ಅಧ್ಯಾಯ ಹುಟ್ಟಿದ್ದು ಆ ಒಂದು ಮಾತಿನಿಂದ ಪುಟ್ಟಿ, ನೀನು ಮರೆತಿರುತ್ತೀಯ.

ಪೈಲಟ್‌ಗೆ, ಅಂದರೆ ನಿಜವಾದ ಪ್ರಯೋಗಕ್ಕೆ ಮುಂಚಿನ ಟ್ರಯಲ್‌ಗೆ, ಬಂದ ಟೈಲರ್ ಅಕ್ಕನಿಗೂ ಥ್ಯಾಂಕ್ಸ್. ಡೆನ್ಮಾರ್ಕಿನ ಸಂಶೋಧಕಿ ಪಿಯಾ ಬೋರ್ಲುಂಡ್ ಹೇಳಿಕೊಟ್ಟ ಹಾಗೆ, ಬರೀ ಪ್ರಶ್ನೆ ಕೊಡದೆ ಜನ ತಮ್ಮದು ಅಂದುಕೊಳ್ಳುವಂಥ ಒಂದು ಸಣ್ಣ ಸಂದರ್ಭ ಬರೆದು ಕೊಡುತ್ತಿದ್ದೆ. 'ನಿಮ್ಮ ತಾಯಿಗೆ ಶುಗರ್ ಇದೆ ಅಂತ ಈಗಷ್ಟೇ ಗೊತ್ತಾಗಿದೆ, ಊಟದಲ್ಲಿ ಏನು ಬದಲಾಯಿಸಬೇಕು ಹುಡುಕಿ.' ಅಕ್ಕ ಮೌಸ್ ಮುಟ್ಟಲೇ ಇಲ್ಲ. "ನಮ್ಮಮ್ಮನಿಗೆ ಎಷ್ಟೋ ವರ್ಷದಿಂದ ಇದೆ, ಬರ್ಕೋ" ಅಂತ ಮುದ್ದೆಯಿಂದ ಹಿಡಿದು ಮಾವಿನಹಣ್ಣಿನವರೆಗೆ ಎಲ್ಲ ಹೇಳಿದರು. ಅವತ್ತಿನಿಂದ, ಈ ವಿಷಯ ನಿಮಗೆ ಮೊದಲೇ ಎಷ್ಟು ಗೊತ್ತು ಅಂತ ಎಲ್ಲರನ್ನೂ ಮುಂಚೆಯೇ ಕೇಳಲು ಶುರು ಮಾಡಿದೆವು.

ಲೈಬ್ರರಿಯನ್ ಮೇಡಂ, ನಿಮಗೆ ಏನು ಹೇಳಲಿ. ಮನಸ್ಸಿನಲ್ಲಿ ಓಡುವುದನ್ನೆಲ್ಲ ಬಾಯಿಬಿಟ್ಟು ಹೇಳುತ್ತಾ ಹುಡುಕಿ ಅನ್ನುವ ಪ್ರಯೋಗವನ್ನು 'ನಿಶ್ಶಬ್ದ' ಅಂತ ಬೋರ್ಡ್ ಇರುವ ಕಡೆ ಮಾಡಲು ಬಿಟ್ಟಿರಿ, ಪೇಪರ್ ಓದಲು ಬಂದವರ ಬೈಗುಳ ನೀವೇ ತಿಂದಿರಿ. ಗೈಡ್ ಸರ್, ಯಾರಿಗೆ ಯಾವ ಸಿಸ್ಟಂ ಮೊದಲು ಅನ್ನುವ ಸರದಿಯನ್ನು ತಿರುಗಿಸಿ ತಿರುಗಿಸಿ ಹಾಕಿಸಿದ್ದಕ್ಕೆ ಆಗ ಗೊಣಗಿದ್ದೆ. ಎರಡನೆಯದಕ್ಕೆ ಬರುವ ಹೊತ್ತಿಗೆ ಜನ ಒಂದಿಷ್ಟು ಕಲಿತಿರುತ್ತಾರೆ, ಒಂದಿಷ್ಟು ಸುಸ್ತಾಗಿರುತ್ತಾರೆ. ವೈವಾದಲ್ಲಿ ಮೊದಲ ಪ್ರಶ್ನೆಯೇ ಅದು ಬಂತು!

ಫೆಲೋಶಿಪ್ ದುಡ್ಡು ತಿಂಗಳುಗಟ್ಟಲೆ ಬರದೆ ನಿಂತಾಗ ಬಾಡಿಗೆ ಕಟ್ಟಿದ ಗೆಳತಿಗೆ ಇಲ್ಲಿ ಹೇಳಿದರೆ ಸಾಲದು, ಮನೆಗೇ ಬರುತ್ತೇನೆ. ರೆಕಾರ್ಡಿಂಗ್‌ಗಳನ್ನು ನನ್ನ ಜೊತೆ ಎರಡನೇ ಸಲ ಕೇಳಿ, ನಾನು ಅವಕ್ಕೆ ಹಾಕಿದ್ದ ಗುರುತುಗಳ ಬಗ್ಗೆ ಜಗಳವಾಡಿದವಳೂ ಅವಳೇ.

ಕನ್ಸೆಂಟ್ ಫಾರ್ಮ್‌ನಲ್ಲಿ ಹೇಳಿದ ಹಾಗೆ ರೆಕಾರ್ಡಿಂಗ್‌ಗಳನ್ನೆಲ್ಲ ಅಳಿಸುತ್ತಿದ್ದೇನೆ. ಏನು ಕಂಡುಬಂತು ಅನ್ನುವುದನ್ನು ಕನ್ನಡದಲ್ಲೇ ಚಿಕ್ಕದಾಗಿ ಬರೆದು ಲೈಬ್ರರಿಯಲ್ಲಿ ಇಟ್ಟಿದ್ದೇನೆ, ಪೇಪರ್ ಮೇಜಿನ ಪಕ್ಕ. ಬಂದು ಓದಿ. ಬೈಯಬೇಕು ಅನಿಸಿದರೆ ಫೋನ್ ಮಾಡಿ, ನಂಬರ್ ಅದೇ ಫಾರ್ಮ್‌ನಲ್ಲಿದೆ.